ಕಿಂಡಿ ಮೇಸ್ತ್ರಿಯ ವಿಮಾನ

ಅವನ ನಿಜವಾದ ಹೆಸರು ಗೊತ್ತಿದ್ದವರು ಊರಿನಲ್ಲಿ ಕಡಿಮೆ. ಚಳಿಗೆ ಮನೆ ಕಾಯಿಸುವ ಕಬ್ಬಿಣದ ಒಲೆ ಕೂರಿಸುವುದು, ಅದರ ಹೊಗೆಕೊಳವೆ ರಿಪೇರಿ ಮಾಡುವುದು ಅವನ ಕಸುಬು. ಯಾರ ಮನೆಯಲ್ಲಿ ಒಲೆ ಕೂರಿಸಿದರೂ ಗೋಡೆಯಲ್ಲಿ ಮುಷ್ಟಿಗಾತ್ರದ ಒಂದು ಕಿಂಡಿ ಕೊರೆಯದೆ ಸಾಮಾನು ಕಟ್ಟುತ್ತಿರಲಿಲ್ಲ. ಕಾಯಿಸುವವನೂ ಇವನೇ, ಆರಿಸುವವನೂ ಇವನೇ ಎಂದು ಜನ ಆಡಿಕೊಂಡರು, ಕಿಂಡಿ ಮೇಸ್ತ್ರಿ ಎಂದು ಹೆಸರಿಟ್ಟರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಣುವ ಹೊಗೆಗೆ ಹೆದರಬೇಕಿಲ್ಲ, ಕೆಮ್ಮುತ್ತಾ ಹೊರಗೆ ಓಡುತ್ತೀರಿ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮಾತ್ರ ಮಲಗಿದವರನ್ನು ಮಲಗಿದ ಹಾಗೇ ಕರೆದೊಯ್ಯುತ್ತದೆ ಎಂದು ಎಲ್ಲರಿಗೂ ಅದೇ ಪಾಠ ಒಪ್ಪಿಸುತ್ತಿದ್ದ.

ಇಂಥವನಿಗೆ ವಿಮಾನದ ಹುಚ್ಚು ಎಲ್ಲಿಂದ ಅಂಟಿತೋ ಹೆಂಡತಿಗೂ ತಿಳಿಯದು. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೊಳವೆ ಬೆಸೆದು, ರೆಕ್ಕೆಗೆ ಬಟ್ಟೆ ಹೊದಿಸಿ, ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ಕಟ್ಟಿದ. ಹಾರಿಸುವುದನ್ನೂ ಕಲಿತ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮೂಗು ಮುರಿದಿದ್ದ ಪಕ್ಕದ ಮನೆಯವರೇ ಮೊದಲು ಬಂದು ಒಂದು ಸುತ್ತು ಕರೆದುಕೊಂಡು ಹೋಗೆಂದು ಹಲ್ಲು ಕಿರಿದರು. ಬೇಸಗೆಯಲ್ಲಿ ಅವನೂ ಹೆಂಡತಿಯೂ ಗುಡ್ಡದ ಮೇಲೆ ಒಂದೆರಡು ಸುತ್ತು ಹೊಡೆದು ಬರುತ್ತಿದ್ದರು. ಚಳಿಗಾಲದಲ್ಲಿ ವಿಮಾನ ಶೆಡ್ಡಿನಲ್ಲಿ ಮಲಗುತ್ತಿತ್ತು, ಹೆಂಡತಿ ಒಲೆಯ ಪಕ್ಕ ಕೂರುತ್ತಿದ್ದಳು. ಅವಳಿಗೆ ಉಬ್ಬಸ. ತಣ್ಣನೆಯ ಗಾಳಿ ಮೂಗಿಗೆ ಬಡಿದರೆ ಸಾಕು, ಎದೆ ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು.

ಆ ವರ್ಷ ಹಿಮ ಬೇಗ ಬಿದ್ದು ಬೆಟ್ಟದ ರಸ್ತೆ ಮುಚ್ಚಿತು. ಮುಚ್ಚಿದ ಮೇಲೆ ಆಚೆ ಕಣಿವೆಯಿಂದ ಫೋನ್ ಬಂತು. ಹೆಂಡತಿಯ ಅಕ್ಕ ಹಾಸಿಗೆ ಹಿಡಿದಿದ್ದಳು, ರಸ್ತೆ ತೆರೆಯುವ ತನಕ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ತಾಯಿ ಇಲ್ಲದ ತಂಗಿಗೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದವಳು ಆ ಅಕ್ಕ. ಹೆಂಡತಿ ಅಳಲಿಲ್ಲ. ಫೋನ್ ಇಟ್ಟು ಗಂಡನ ಮುಖ ನೋಡಿದಳು.

"ರೀ, ನಿಮ್ಮ ವಿಮಾನದೊಳಗೆ ಒಂಚೂರು ಬೆಚ್ಚಗಿದ್ದಿದ್ರೆ ನಾನೂ ಹೋಗಿ ಬರಬಹುದಿತ್ತು," ಎಂದಳು.

ಊರಿಗೆಲ್ಲ ಒಲೆ ಕೂರಿಸಿದವನಿಗೆ ಈ ಮಾತು ಹೇಗಿರಬೇಡ! ಅದೇನು ಮಹಾ ಎಂದುಕೊಂಡೇ ಕೈ ಹಾಕಿದ. ಆಮೇಲೆ ತಿಳಿಯಿತು. ಕರೆಂಟಿನ ಹೀಟರ್ ಇಡೋಣವೆಂದರೆ ವಿಮಾನದ ಪುಟ್ಟ ಡೈನಮೋಗೆ ದೀಪ, ರೇಡಿಯೋ ಸಾಕುವಷ್ಟೇ ತ್ರಾಣ. ಕಾರಿನ ಹಾಗೆ ಎಂಜಿನ್ನಿನ ಬಿಸಿನೀರು ಹರಿಸೋಣವೆಂದರೆ ಇದು ಗಾಳಿಗೇ ತಣಿಯುವ ಎಂಜಿನ್, ನೀರಿನ ಮಾತೇ ಇಲ್ಲ. ಬಿಸಿ ಎಣ್ಣೆಯನ್ನು ಸುತ್ತಿಸಿ ನೋಡಿದ. ಅದರಿಂದ ಬಂದ ಗಾಳಿ ಯಾರೋ ಬಾಯಿಂದ ಊದಿದಷ್ಟು ಬೆಚ್ಚಗಿತ್ತು. ಉಳಿದದ್ದು ಎಂಜಿನ್ನಿನ ಹೊಗೆ ಹೋಗುವ ಕೆಂಡದಂಥ ಕೊಳವೆ. ಅದರ ಸುತ್ತ ತಗಡಿನ ಕವಚ ಹಾಕಿ, ನಡುವೆ ಹೊರಗಿನ ಗಾಳಿ ಹರಿಸಿ, ಬಿಸಿಯಾದ ಗಾಳಿಯನ್ನು ಒಳಗೆ ಬಿಡುವುದು. ಕೊಳವೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಗಾಳಿಯ ಜೊತೆ ವಿಷವೂ ಒಳಗೆ ಬರುತ್ತದೆ. ಯಾವುದಕ್ಕೆ ಹೆದರಿ ಜೀವಮಾನವೆಲ್ಲ ಕಿಂಡಿ ಕೊರೆದನೋ ಅದನ್ನೇ ಹೆಂಡತಿಯ ಮೂಗಿನ ಕೆಳಗೆ ತಂದಿಡಬೇಕಾಗಿತ್ತು.

ಮಾಡಿದ. ದಪ್ಪನೆಯ ಸ್ಟೀಲಿನ ಹೊಸ ಕೊಳವೆ ತಂದು, ಕವಚದೊಳಗೆ ಒಂದು ಬೆಸುಗೆಯೂ ಬಾರದಂತೆ ಕೂರಿಸಿದ. ಕೊಳವೆಗೆ ಬ್ಲೋವರಿನಿಂದ ಗಾಳಿ ಊದಿ, ಮೇಲೆಲ್ಲ ಸೋಪುನೀರು ಸವರಿ ಒಂದು ಗುಳ್ಳೆಯಾದರೂ ಏಳುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಏಳಲಿಲ್ಲ. ವಿಷಾನಿಲ ತಾಗಿದರೆ ಕಪ್ಪಾಗುವ ಚುಕ್ಕೆಯ ಕಾರ್ಡೊಂದನ್ನು ತನ್ನ ಕಣ್ಣೆದುರಿಗೇ, ಮೀಟರುಗಳ ಪಕ್ಕ ಅಂಟಿಸಿದ. ಅಷ್ಟಕ್ಕೂ ಮನಸ್ಸು ಒಪ್ಪದೆ ಹೊರಗಿನ ಗಾಳಿ ಬರಲೆಂದು ಅಲ್ಲೇ ಒಂದು ಸಣ್ಣ ಕಿಂಡಿಯನ್ನೂ ಕೊರೆದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೆಂಡತಿ ನಕ್ಕಳು.

ಹಾರುವ ಮೊದಲು ನೆಲದ ಮೇಲೇ ನೋಡೋಣವೆಂದು ಶೆಡ್ಡಿನ ಹೊರಗೆ ಚಕ್ರಕ್ಕೆ ಕಲ್ಲು ಅಡ್ಡ ಇಟ್ಟು ಎಂಜಿನ್ ಶುರು ಮಾಡಿದ. ಹೆಂಡತಿ ಪಕ್ಕದಲ್ಲಿ ಕೂತಳು. ಒಳಗೆ ಹಿತವಾದ ಬಿಸಿ ಹರಡಿತು. ಅವಳು ಮೂಗಿಗೆ ಸುತ್ತಿದ್ದ ಶಾಲು ಬಿಚ್ಚಿ ನೀಳವಾಗಿ ಉಸಿರೆಳೆದುಕೊಂಡಳು, ಎದೆ ಹಿಡಿಯಲಿಲ್ಲ. ಮೇಸ್ತ್ರಿಗೆ ಆದ ಸಂತೋಷವನ್ನು ಏನೆಂದು ಹೇಳುವುದು! ಹೆಂಡತಿಯಂತೂ ಅಲ್ಲೇ ಮೊಬೈಲ್ ತೆಗೆದು, ಎಂಜಿನ್ನಿನ ಗದ್ದಲದಲ್ಲೇ, ನಾನು ಬರುತ್ತಿದ್ದೇನೆ ಎಂದು ಅಕ್ಕನಿಗೆ ಕೂಗಿ ಹೇಳಿದಳು.

ಸ್ವಲ್ಪ ಹೊತ್ತಿಗೆ ಅವಳ ಮಾತು ಕಡಿಮೆಯಾಯಿತು.

"ಎಷ್ಟು ಹಿತವಾಗಿದೆ ರೀ. ತಲೆ ಒಂಥರಾ ಭಾರ, ನಿದ್ದೆ ಬರ್ತಿದೆ," ಎಂದಳು.

ಅವನು ಕಾರ್ಡು ನೋಡಿದ. ಚುಕ್ಕೆ ಕಪ್ಪಾಗಿರಲಿಲ್ಲ. ಆದರೆ ಇದೇ ಮಾತನ್ನು ಅವನು ಎಷ್ಟು ಮನೆಗಳಲ್ಲಿ ಕೇಳಿರಲಿಲ್ಲ? ಎಂಜಿನ್ ಆರಿಸಿ, ಬಾಗಿಲು ಒದ್ದು ತೆಗೆದು, ಅವಳನ್ನು ಎತ್ತಿಕೊಂಡು ಹೊರಗೆ ತಂದ. ಹೊರಗಿನ ಚಳಿ ಬಡಿದದ್ದೇ ಅವಳಿಗೆ ಉಬ್ಬಸ ಎದ್ದಿತು. ಅತ್ತ ದರಿ, ಇತ್ತ ಪುಲಿ. ಶಾಲನ್ನು ಅವಳ ಮೂಗಿಗೆ ಒತ್ತಿ ಹಿಡಿದು ಮನೆಯತ್ತ ಓಡಿದ.

ಅವಳು ಸುಧಾರಿಸಿಕೊಂಡ ಮೇಲೆ ಕಾರ್ಡನ್ನು ಕಿತ್ತು ಅವಳ ಸೀಟಿನ ಮೇಲಿಟ್ಟ, ಬಾಗಿಲು ಮುಚ್ಚಿ ತಾನು ಹೊರಗೆ ನಿಂತು ಎಂಜಿನ್ ಓಡಿಸಿದ. ಚುಕ್ಕೆ ಮಸಿಯ ಹಾಗೆ ಕಪ್ಪಾಯಿತು. ಆಗ ಹೊಳೆಯಿತು: ಕಾರ್ಡಿನ ಪಕ್ಕದಲ್ಲೇ ಕಿಂಡಿ ಕೊರೆದವನು ಅವನೇ. ಕಿಂಡಿಯ ಶುದ್ಧ ಗಾಳಿ ನೇರ ಚುಕ್ಕೆಯ ಮೇಲೆ ಬೀಸುತ್ತಿತ್ತು. ಊರಿನವರನ್ನೆಲ್ಲ ಕಾಯ್ದ ಕಿಂಡಿ ಇಲ್ಲಿ ಕಾಯ್ದದ್ದು ಒಂದು ಕಾರ್ಡನ್ನು. ಮೇಸ್ತ್ರಿ ನೆಲದ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತ.

ಕೊಳವೆ ಬಿಚ್ಚಿ ಮತ್ತೆ ಸೋಪುನೀರು ಹಚ್ಚಿದ. ಗುಳ್ಳೆಯಿಲ್ಲ. ತಣ್ಣಗಿದ್ದಾಗ ಸಾಧುವಾಗಿದ್ದು ಕಾದಾಗ ಮಾತ್ರ ಬಾಯಿ ಬಿಡುವ ಬಿರುಕು ಅದು. ಕಾದ ಕೊಳವೆಯ ಮೇಲೆ ಸೋಪುನೀರು ನಿಲ್ಲುವುದಿಲ್ಲ. ಇನ್ನೊಂದು ಕೊಳವೆ ಮಾಡಿದ, ಅದಕ್ಕೆ ಎರಡು ಪದರ ಹಾಕಿದ. ಆಕಾರ ಬೇರೆಯಾಯಿತು, ರೋಗ ಅದೇ. ಅಳಿಯ ಅಲ್ಲ, ಮಗಳ ಗಂಡ. ಕೊನೆಯ ಕೊಳವೆ ಒಂದು ದಿನ ಹೊಸ ಕಾರ್ಡಿನ ಚುಕ್ಕೆಯನ್ನು ಬಿಳಿಯಾಗಿಯೇ ಉಳಿಸಿತು, ಮರುದಿನ ಚುಕ್ಕೆ ಸ್ವಲ್ಪ ಮಾಸಿತು. ಮಾಸಿದ್ದೋ, ತನ್ನ ಕಣ್ಣೇ ಮಸುಕಾದದ್ದೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದ.

"ಇಷ್ಟು ಸಾಕು ರೀ, ಹೋಗೋಣ," ಎಂದಳು ಹೆಂಡತಿ.

"ಇನ್ನೊಬ್ಬರ ಮನೆಯಾಗಿದ್ರೆ ಈ ಒಲೆ ಹಚ್ಚೋಕೆ ನಾನು ಬಿಡ್ತಿರಲಿಲ್ಲ ಕಣೇ," ಎಂದ ಅವನು. ಅವಳಿಗೆ ಮುಖ ತೋರಿಸಲಾರದೆ ಶೆಡ್ಡಿಗೆ ಹೋದ.

ಅಷ್ಟರಲ್ಲಿ ಆಚೆಯಿಂದ ಇನ್ನೊಂದು ಫೋನ್ ಬಂತು. ಅಕ್ಕನ ಕಣ್ಣು ಮಂಜಾಗಿತ್ತು, ಊಟ ಬಿಟ್ಟಿದ್ದಳು. ಮೇಸ್ತ್ರಿ ಹೀಟರನ್ನೇ ಕಿತ್ತೆಸೆದ. ಆಕಾಶ ತಿಳಿಯಾದ ಬೆಳಿಗ್ಗೆ ಇದ್ದಬದ್ದ ಸ್ವೆಟರುಗಳನ್ನೆಲ್ಲ ಹಾಕಿಕೊಂಡು ಒಬ್ಬನೇ ಹೊರಟ. ಹೆಂಡತಿ ಮುಚ್ಚಿದ ಕಿಟಕಿಯ ಹಿಂದೆ ನಿಂತು ನೋಡಿದಳು, ಹೊರಗೆ ಬರುವಂತಿರಲಿಲ್ಲ. ಬೆಟ್ಟದ ಮೇಲೆ ಚಳಿ ಎಲುಬಿಗೆ ಇಳಿಯಿತು. ಪಕ್ಕದ ಖಾಲಿ ಸೀಟಿನ ಕಡೆ ಅವನು ತಿರುಗಲಿಲ್ಲ.

ಗಾಳಿ ಹಿಮವನ್ನು ಗುಡಿಸಿ ಹಾಕಿದ್ದ ಆಚೆಯ ಬಯಲಿನಲ್ಲಿ ಇಳಿದು, ಮಂಡಿಯವರೆಗಿನ ಹಿಮದಲ್ಲಿ ನಡೆದು ಅಕ್ಕನ ಮನೆ ಸೇರಿದ. ಅಕ್ಕ ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದಳು. ಹೆಜ್ಜೆಯ ಸದ್ದಿಗೆ ಕಣ್ಣು ತೆರೆದು ಬಾಗಿಲ ಕಡೆ ಮುಖ ಮಾಡಿದಳು. ಗಾಳಿ ಒಳಗೆ ನುಗ್ಗುತ್ತಿತ್ತೆಂದು ಅವನು ಬಾಗಿಲು ಹಾಕಹೋದ.

"ಬಾಗಿಲು ಹಾಕಬೇಡಿ," ಎಂದಳು ಅಕ್ಕ. "ಹಿಂದೆ ಬರ್ತಿರ್ತಾಳೆ. ಅವಳಿಗೆ ಉಬ್ಬಸ ಅಲ್ವಾ, ನಿಧಾನ ನಡೀತಾಳೆ."

ಮೇಸ್ತ್ರಿ ಬಾಗಿಲನ್ನು ತೆರೆದೇ ಬಿಟ್ಟು, ಅವಳ ಪಕ್ಕದಲ್ಲಿ ಬಂದು ಕೂತ.