ಬಸ್ಸಿನ ಹಿಂದೆ ಇಟಲಿ ಕಾರು

ಉದ್ಯಾವರದ ನಮ್ಮ ಮನೆಯಂಗಳಕ್ಕೆ ಆ ಕೆಂಪು ಕಾರು ಬಂದು ನಿಂತ ದಿನ, ನೋಡಲು ಬಂದವರೆಲ್ಲ ಮೊದಲು ಹೋದದ್ದು ಅದರ ಹಿಂಭಾಗಕ್ಕೆ. ಆಗ ಎಂಬತ್ತರ ದಶಕದ ನಡುಭಾಗ. ನಮ್ಮ ಕಡೆಯವರಿಗೆ ಕಾರು ಎಂದರೆ ಮುಂದೊಂದು ಮೂತಿ, ಹಿಂದೊಂದು ಡಿಕ್ಕಿ, ನಡುವೆ ಹತ್ತು ಜನ. ಈ ಕಾರಿಗೆ ಡಿಕ್ಕಿಯೇ ಇರಲಿಲ್ಲ. ಸೀಟು ಮುಗಿದಲ್ಲಿಗೆ ಕಾರೂ ಮುಗಿದು, ಅಲ್ಲೊಂದು ಬಾಗಿಲು ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. “ಉಳಿದರ್ಧ ಹಡಗಿನಲ್ಲೇ ಬಾಕಿಯಾಯಿತಾ?” ಎಂದು ನೆರೆಮನೆಯ ಅಜ್ಜ ನಿಜವಾದ ಕಾಳಜಿಯಿಂದ ವಿಚಾರಿಸಿದರು. ಕಸ್ಟಮ್ಸಿನವರು ಕತ್ತರಿಸಿ ಇಟ್ಟುಕೊಂಡಿರಬೇಕು ಎಂದು ಇನ್ನೊಬ್ಬರು ತೀರ್ಪು ಕೊಟ್ಟರು.

ನನ್ನ ಗಂಡ ಎಲ್ಲರಿಗೂ ತಾಳ್ಮೆಯಿಂದ ವಿವರಿಸಿದರು. ಇದು ಇಟಲಿಯದ್ದು, ಸಂಸಾರಸ್ಥರಿಗಾಗಿಯೇ ಮಾಡಿದ್ದು, ಆದರೆ ಓಟದಲ್ಲಿ ರೇಸಿನ ಕುದುರೆ, ಐದು ಗೇರು ಉಂಟು. ಅತ್ತೆ ಜಗಲಿಯಿಂದಲೇ ಹೇಳಿದರು: “ಇಲ್ಲಿಯ ಹೊಂಡಗಳಲ್ಲಿ ಮೂರನೆಯದೇ ಮುಗಿಯುವುದಿಲ್ಲ. ಉಳಿದ ಎರಡನ್ನು ಎಂತ ಮಾಡುತ್ತಿ?”

ಗಂಡ ಕೆಲಸ ಮಾಡುತ್ತಿದ್ದ ಗಲ್ಫಿನ ಕಂಪನಿ ಬಾಗಿಲು ಹಾಕಿತ್ತು. ಕೊನೆಯ ತಿಂಗಳುಗಳ ಸಂಬಳದ ಬದಲು ಯಜಮಾನ ತನ್ನ ಹಳೆಯ ಕಾರಿನ ಕೀಲಿ ಕೈಗಿಟ್ಟಿದ್ದ. ಇನ್ನು ಈ ಕಾರನ್ನು ಮಾರಬೇಕು, ಬಂದ ಹಣವನ್ನು ಬೊಂಬಾಯಿಯ ಏಜೆಂಟನಿಗೆ ಕೊಟ್ಟು ಹೊಸ ವೀಸಾ ತೆಗೆಸಬೇಕು, ಮತ್ತೆ ಮೂರು ವರ್ಷ ಅಲ್ಲಿ. ಇದು ಅವರ ಯೋಜನೆ. ಕಾರು ಹೋದರೆ ಅವರೂ ಹೋಗುತ್ತಾರೆ, ಕಾರು ಉಳಿದರೆ ಅವರೂ ಉಳಿಯುತ್ತಾರೆ ಎಂಬುದು ನನಗೆ ಅರ್ಥವಾದ ಯೋಜನೆ.

ಮದುವೆಯಾಗಿ ಐದು ವರ್ಷವಾಗಿತ್ತು, ಒಟ್ಟಿಗೆ ಇದ್ದದ್ದು ಎರಡು ರಜೆ. ಉಳಿದಂತೆ ನನ್ನ ಪಾಲಿಗೆ ಗಂಡ ಎಂದರೆ ಅಂಚೆಯಲ್ಲಿ ಬರುವ ಕ್ಯಾಸೆಟ್ಟಿನೊಳಗೆ ಮಾತಾಡುವ ಒಬ್ಬರು. ತಲೆನೋವು ಎಂದು ಈ ತಿಂಗಳು ಹೇಳಿ ಕಳುಹಿಸಿದರೆ, ಮಾತ್ರೆ ತೆಗೆದುಕೋ ಎಂಬ ಉತ್ತರ ಮುಂದಿನ ತಿಂಗಳು ಬರುತ್ತಿತ್ತು. ಹೋಗುವುದು ಬೇಡ ಎಂದು ನಾನು ಬಾಯಿಬಿಟ್ಟು ಹೇಳಿದ್ದೆ, ಅತ್ತೂ ನೋಡಿದ್ದೆ. “ಇಲ್ಲಿ ಎಂತ ಉಂಟು ಮಾರಾಯ್ತಿ?” ಎಂದರು. ನಾನು ಇದ್ದೇನೆ ಎನ್ನುವುದು ಅವರಿಗೆ ಉತ್ತರವಾಗಿ ಕಾಣಲಿಲ್ಲ.

ಆ ಕಾರಿನ ಸ್ಟೀರಿಂಗ್ ಎಡಗಡೆ ಇತ್ತು. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಓಡಿಸುವವನಿಗೆ ಮುಂದಿನ ಬಸ್ಸಿನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎದುರಿನಿಂದ ಲಾರಿ ಬರುತ್ತಿದೆಯೋ ಇಲ್ಲವೋ ಎಂದು ಬಲಗಡೆ ಕೂತವರು ಇಣುಕಿ ನೋಡಿ ಹೇಳಬೇಕು. ಬೊಂಬಾಯಿಯಲ್ಲಿ ನನ್ನ ಅಕ್ಕ ಇದ್ದಳು. ಅವಳನ್ನು ನೋಡುವ ನೆಪದಲ್ಲಿ ನಾನೂ ಇವರ ಜೊತೆಗೆ ಹೋಗಿ, ಬಂದರಿನಿಂದ ಕಾರು ಬಿಡಿಸಿಕೊಂಡು ಬರುವಾಗ ಎರಡು ದಿನ ಆ ಕೆಲಸ ಮಾಡಿದ್ದೆ. “ಹೋಗಿ” ಎಂದರೆ ನುಗ್ಗುತ್ತಿದ್ದರು, “ಬೇಡ” ಎಂದರೆ ಹಿಂದೆ ಸರಿಯುತ್ತಿದ್ದರು. ಐದು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಅವರು ಅಷ್ಟು ಚಾಚೂ ತಪ್ಪದೆ ಕೇಳಿದ್ದು ಆ ಎರಡು ದಿನ ಮಾತ್ರ.

ಆದ್ದರಿಂದ ಟ್ರಯಲ್ ನೋಡಲು ಗಿರಾಕಿಗಳು ಬಂದಾಗಲೂ ನಾನು ಮುಂದೆ ಕೂರಲೇಬೇಕಾಯಿತು. ಎಡಗೈ ಗಾಡಿ ಓಡಿಸುವ ಧೈರ್ಯ ಗಿರಾಕಿಗಳಿಗೂ ಇರಲಿಲ್ಲ. ಅವರು ಹಿಂದಿನ ಸೀಟು, ಗಂಡ ಎಡಕ್ಕೆ, ತಲೆಯ ಮೇಲೆ ಸೆರಗು ಬಿಗಿದು ನಾನು ಬಲಕ್ಕೆ. ಹೆದ್ದಾರಿಯಲ್ಲಿ ನೋಡಿದವರು ನಾನೇ ಕಾರು ಓಡಿಸುತ್ತಿದ್ದೇನೆ, ಅದೂ ಸ್ಟೀರಿಂಗ್ ಇಲ್ಲದೆ, ಎಂದುಕೊಂಡು ರಸ್ತೆಯಿಂದ ಕೆಳಗಿಳಿದು ನಿಲ್ಲುತ್ತಿದ್ದರು.

ಮೊದಲು ಬಂದವರು ಉಡುಪಿಯ ಒಬ್ಬ ಹೋಟೆಲಿನ ಧಣಿ, ಕುಟುಂಬ ಸಮೇತ. ಟ್ರಯಲಿಗೆ ಬಂದವರು ಸುಮ್ಮನೆ ಬರಲಿಲ್ಲ. ಹೇಗೂ ಓಡಿಸುತ್ತೀರಲ್ಲ ಎಂದು ಎರಡು ಬೂದಿ ಕುಂಬಳಕಾಯಿ, ಒಂದು ಗೋಣಿ ತೆಂಗಿನಕಾಯಿ ತಂದು ಹಿಂದಿನ ಬಾಗಿಲಿನಿಂದ ಒಳಗೆ ಹಾಕಿಸಿ, ಕಾಪುವಿನಲ್ಲಿರುವ ತಂಗಿಯ ಮನೆಗೆ ಬಿಡಬೇಕೆಂದರು. ಹೊರಟ ಐದು ನಿಮಿಷದಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ನಮ್ಮ ಮುಂದೆ ಬಂತು. ನಾನು ಇಣುಕಿದೆ. ರಸ್ತೆ ಖಾಲಿ, ಒಂದು ಸೈಕಲ್ ಕೂಡ ಇಲ್ಲ. “ಹೋಗಿ” ಎನ್ನಲು ಬಾಯಿ ತೆರೆದವಳಿಗೆ, ಇವರು ಇದೇ ರಭಸದಲ್ಲಿ ನೇರ ವಿಮಾನ ನಿಲ್ದಾಣಕ್ಕೆ ಹೋಗಿ ಇಳಿಯುವುದು ಕಣ್ಣಿಗೆ ಬಂತು.

“ಬೇಡ” ಎಂದೆ. “ಲಾರಿ ಬರ್ತಾ ಉಂಟು.”

ಅವರು ಹಿಂದೆ ಸರಿದರು. ಆಮೇಲೆ ನಾನು ನಿಲ್ಲಿಸಲಿಲ್ಲ. ಬೇಡ, ಟ್ಯಾಂಕರ್. ಬೇಡ, ಮದುವೆ ದಿಬ್ಬಣ. ಬೇಡ, ದನ. ಇಟಲಿಯ ರೇಸಿನ ಕುದುರೆ ಬಸ್ಸಿನ ಹೊಗೆ ಕುಡಿಯುತ್ತ, ಕುಂಬಳಕಾಯಿ ಉರುಳಿಸಿಕೊಂಡು, ಕಾಪುವಿನವರೆಗೆ ಎತ್ತಿನಗಾಡಿಯ ಹಾಗೆ ಹೋಯಿತು. ಇಳಿಯುವಾಗ ಧಣಿಗಳು ಇವರಿಗೆ ಮರ್ಯಾದೆಯಿಂದಲೇ ಹೇಳಿದರು: “ಗಾಡಿ ಚಂದ ಉಂಟು. ಆದರೆ ಪುಲ್ಲಿಂಗ್ ಸಾಲದು ಅಲ್ವಾ? ಮತ್ತೆ, ಹೆಂಡತಿಯನ್ನು ಕೇಳದೆ ನೀವು ಏನೂ ಮಾಡುವುದಿಲ್ಲವೋ ಹೇಗೆ?” ಅವರ ಹೆಂಡತಿ ಮಾತ್ರ ನನ್ನನ್ನು ಬಹಳ ಗೌರವದಿಂದ ನೋಡಿ ಹೋದರು.

ಎರಡನೆಯವರು ಕಾಪುವಿನ ಮೀನು ವ್ಯಾಪಾರಿ. ಅವರದ್ದು ವೈಜ್ಞಾನಿಕ ಪರೀಕ್ಷೆ. ಸಾಮಾನಿನ ಜಾಗಕ್ಕೂ ಸೀಟಿಗೂ ನಡುವೆ ಗೋಡೆ ಇಲ್ಲದ ಕಾರಿನಲ್ಲಿ ವಾಸನೆ ಮುಂದಕ್ಕೆ ಬರುತ್ತದೋ ಇಲ್ಲವೋ ನೋಡಬೇಕು ಎಂದು ಒಂದು ಬುಟ್ಟಿ ಬಂಗುಡೆ ಹಿಂದೆ ಇಟ್ಟು, ಕಿಟಕಿ ಏರಿಸಿ, ಉಡುಪಿಗೆ ಹೋಗಿ ಬರೋಣ ಎಂದರು. ನನ್ನ ಕೃಪೆಯಿಂದ ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಪರೀಕ್ಷೆ ಒಂದೂಕಾಲು ಗಂಟೆ ನಡೆಯಿತು. ಫಲಿತಾಂಶ ಸ್ಪಷ್ಟವಾಗಿತ್ತು: ವಾಸನೆ ಬರುತ್ತದೆ. ವ್ಯಾಪಾರಿ ಬುಟ್ಟಿಯನ್ನು ವಾಪಸು ಒಯ್ದರು, ವಾಸನೆಯನ್ನು ನಮಗೇ ಬಿಟ್ಟರು. ಗಂಡ ಎರಡು ವಾರ ನಿಂಬೆಹಣ್ಣು ಹಿಡಿದು ಕಾರು ಉಜ್ಜಿದರು. ನಾನು ಪಕ್ಕದಲ್ಲಿ ನಿಂತು ಬಕೆಟ್ಟಿನಲ್ಲಿ ನೀರು ಕೊಟ್ಟೆ, ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಮನೆಗೆಲಸವನ್ನೂ ಮಾಡಿದವಳಲ್ಲ.

ಆಟೋ ಸ್ಟ್ಯಾಂಡಿನಲ್ಲಿ, ಶುಕ್ರವಾರದ ಜುಮ್ಮಾ ನಮಾಜು ಮುಗಿಸಿ ಬಂದವರ ನಡುವೆ, ಸುದ್ದಿ ಹಬ್ಬಿತು: ಗಲ್ಫ್ ಕಾರಿಗೆ ಬಸ್ಸು ಕಂಡರೆ ಹೆದರಿಕೆಯಂತೆ. ಅದನ್ನು ಕೇಳಿಸಿಕೊಂಡು ಬಂದ ದಿನ ಇವರು ಊಟ ಮಾಡಲಿಲ್ಲ. ಮರಳುಗಾಡಿನ ರಸ್ತೆಯಲ್ಲಿ ನೂರಾ ನಲವತ್ತರಲ್ಲಿ ಹೋದ ಕಾರು ಇದು, ನೂರಾ ನಲವತ್ತು, ಎಂದು ಬಡಿಸಿದ ಅನ್ನಕ್ಕೆ ಹೇಳಿದರು. ಆಗ ಮಾತ್ರ ನನಗೆ ಕರುಳು ಚುರ್ರೆಂದಿತು. ಆದರೂ ಬಾಯಿ ಬಿಡಲಿಲ್ಲ.

ಕೊನೆಗೆ ಮಣಿಪಾಲದಿಂದ ಒಬ್ಬ ಡಾಕ್ಟರು ಬಂದರು. ವಿಲಾಯತಿಯಲ್ಲಿ ಓದಿ ಬಂದವರು, ಕಾರಿಗೆ ಹಿಂಭಾಗ ಯಾಕಿಲ್ಲ ಎಂದು ಕೇಳದ ಮೊದಲ ಮನುಷ್ಯ. ಬಾನೆಟ್ ತೆರೆಸಿ, ಇಂಜಿನ್ನಿನ ಸದ್ದನ್ನು ರೋಗಿಯ ಎದೆಬಡಿತ ಕೇಳುವ ಹಾಗೆ ತಲೆ ಬಾಗಿಸಿ ಕೇಳಿ, “ಇದು ಸಾಧಾರಣ ಗಾಡಿ ಅಲ್ಲ” ಎಂದರು. ಇವರ ಮುಖ ಅರಳಿತು. ಬಹಳ ದಿನಗಳ ನಂತರ ಅವರಿಗೆ ತಮ್ಮ ಭಾಷೆ ತಿಳಿಯುವವರೊಬ್ಬರು ಸಿಕ್ಕಿದ್ದರು. ಕಾರ್ಕಳದವರೆಗೆ ಹೋಗಿ ಬರೋಣ, ಹಿಡಿಸಿದರೆ ನಾಳೆಯೇ ಹಣ ಎಂದರು ಡಾಕ್ಟರು. ನಾನು ಸೆರಗು ಬಿಗಿದು ಬಲಗಡೆ ಹತ್ತಿ ಕೂತೆ.

ಹಿರಿಯಡಕದವರೆಗೆ ರಸ್ತೆ ಖಾಲಿ ಇತ್ತು, ಕಾರು ನಿಜವಾಗಿಯೂ ಹಾರಿತು. ಹಿಂದೆ ಡಾಕ್ಟರು ಮಕ್ಕಳಂತೆ ನಗುತ್ತಿದ್ದರು. ಬಸ್ಸು ಕಾಣಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದೆ. ಹಿರಿಯಡಕ ದಾಟಿದ ಮೇಲೆ ಒಂದು ಬಸ್ಸು ಸಿಕ್ಕಿತು, ಮೇಲೆ ಗೋಣಿ ಹೇರಿಕೊಂಡು ತೇಕುತ್ತಿದ್ದ ಹಳೆಯ ಬಸ್ಸು. ಇವರು ನನ್ನತ್ತ ತಿರುಗಿದರು. ನಾನು ಇಣುಕಿದೆ, ಮುಂದೆ ಎಲ್ಲ ಖಾಲಿ.

“ಬೇಡ. ಲಾರಿ ಬರ್ತಾ ಉಂಟು.”

ಅಲ್ಲಿ ರಸ್ತೆ ಎಡಕ್ಕೆ ತಿರುಗುತ್ತಿತ್ತು. ಎಡಕ್ಕೆ ತಿರುಗುವಲ್ಲಿ ಎಡಗಡೆ ಕೂತವನಿಗೂ ಬಸ್ಸಿನ ಪಕ್ಕದಿಂದ ಮುಂದಿನ ರಸ್ತೆ ಉದ್ದಕ್ಕೂ ಕಾಣುತ್ತದೆ. ಇದು ನನಗೆ ಹೊಳೆದಿರಲಿಲ್ಲ. ಅವರು ನೋಡುವುದನ್ನು ನೋಡಿದಾಗ ಹೊಳೆಯಿತು. ಫರ್ಲಾಂಗುಗಟ್ಟಲೆ ಬರಿದಾದ ರಸ್ತೆಯನ್ನು ಅವರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕಾಪು, ಉಡುಪಿ, ಕುಂಬಳಕಾಯಿ, ಬಂಗುಡೆ ಎಲ್ಲ ಆ ಒಂದು ನೋಟದಲ್ಲಿ ಅವರಿಗೆ ತಿಳಿದುಹೋಯಿತು. ಬೈಯುತ್ತಾರೆ ಎಂದುಕೊಂಡೆ. ಡಾಕ್ಟರ ಮುಂದೆ ಬೈದರೂ ಸರಿಯೇ, ನಾನು ಮಾಡಿದ್ದು ಬೈಸಿಕೊಳ್ಳುವ ಕೆಲಸವೇ ಆಗಿತ್ತು. ನಾನು ಕಣ್ಣು ಕೆಳಗಿಳಿಸಲಿಲ್ಲ.

“ಯಾಕೆ, ಹೋಗಬಹುದಲ್ಲ?” ಎಂದರು ಹಿಂದಿನಿಂದ ಡಾಕ್ಟರು. “ಇಷ್ಟು ಹೊತ್ತು ಹಾರಿತಲ್ಲ?”

ಇವರು ಗೇರು ಬದಲಿಸಿ ವೇಗ ತಗ್ಗಿಸಿದರು.

“ಇಲ್ಲ ಡಾಕ್ಟ್ರೇ, ನಿಮಗೆ ಸುಳ್ಳು ಹೇಳಬಾರದು. ಇಳಿಜಾರಿನಲ್ಲಿ ಹಾರಿದ್ದು ಅದು. ಏರಿನಲ್ಲಿ ಇದಕ್ಕೆ ಪುಲ್ಲಿಂಗ್ ಇಲ್ಲ. ಬಸ್ಸನ್ನು ದಾಟುವ ಶಕ್ತಿ ಇಲ್ಲ ಇದಕ್ಕೆ.”

ನನಗೆ ಅಳು ಬಂತು, ಸೆರಗು ಮುಂದಕ್ಕೆ ಎಳೆದುಕೊಂಡೆ. ಬೈಲೂರಿನ ಹತ್ತಿರ ಬಸ್ಸು ಜನ ಹತ್ತಿಸಲು ನಿಂತಿತು. ಫುಟ್‌ಬೋರ್ಡಿನ ಮೇಲಿದ್ದ ಕಂಡಕ್ಟರ್ ನಮ್ಮನ್ನು ನೋಡಿ, ರಸ್ತೆ ಖಾಲಿ ಉಂಟು, ಹೋಗಿ ಹೋಗಿ ಎಂದು ಕೈ ಬೀಸಿದ. ಇವರು ಬ್ರೇಕ್ ಒತ್ತಿ, ಕೊನೆಯ ಮುದುಕಿ ಬುಟ್ಟಿ ಸಮೇತ ಹತ್ತಿ ಬಸ್ಸು ಹೊರಡುವವರೆಗೂ, ಅದರ ಹಿಂದೆಯೇ ನಿಂತುಕೊಂಡರು.