ಎರಡು ಹೊಳೆ, ಒಂದು ಕೊಡ

ಸುಣ್ಣ ಹಚ್ಚಲೆಂದು ಇಳಿಸಿದ್ದ ಹೊಳೆಯ ಚಿತ್ರವನ್ನು ಮತ್ತೆ ಗೋಡೆಗೇರಿಸುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು. ಹಲಗೆ ಒರೆಸಿದರೆ ಹಳೆಯ ವಾರ್ನಿಷ್ ವಾಸನೆ. ಆ ವಾಸನೆಗೆ ನನಗೆ ನೆನಪಾಗುವುದು ಹೊಳೆಯಲ್ಲ, ಜಗಳ.

ಇಂಥದೇ ಇನ್ನೊಂದು ಚಿತ್ರ ಶಿರಗುಪ್ಪಿಯ ದೊಡ್ಡವ್ವನ ಮನೆಯಲ್ಲಿದೆ. ಅದೇ ಕೃಷ್ಣೆ, ಅದೇ ಬೇವಿನ ಮರ, ಮೆಟ್ಟಿಲ ಮೇಲೆ ಕೊಡ ಹೊತ್ತ ಅದೇ ಕೆಂಪು ಸೀರೆಯ ಹೆಂಗಸು. ಆದರೆ ಅಲ್ಲಿ ಮರ ಬಲಕ್ಕೆ, ನಮ್ಮ ರಾಯಬಾಗದ ಮನೆಯದರಲ್ಲಿ ಎಡಕ್ಕೆ. ಅಲ್ಲಿ ಕೊಡ ಎಡ ಸೊಂಟದ ಮೇಲೆ, ಇಲ್ಲಿ ಬಲ ಸೊಂಟದ ಮೇಲೆ. ಆ ಹೆಂಗಸು ನನ್ನ ಅಜ್ಜಿ. ಅವಳದೊಂದು ಫೋಟೊ ಕೂಡ ಇಲ್ಲ; ಅವಳು ತೀರಿಕೊಂಡಾಗ ದೊಡ್ಡವ್ವ, ನನ್ನವ್ವ ಅಕ್ಕತಂಗಿಯರಿಬ್ಬರೂ ಮೊಣಕಾಲೆತ್ತರ. ಹಾಗಾಗಿ, ಅಜ್ಜ ಪಕ್ಕದಲ್ಲಿ ಕೂತು ಬರೆಸಿದ್ದು ಯಾವುದೋ ಅದರಲ್ಲಿರುವವಳೇ ಖರೆ ಅವ್ವ ಎಂದು ಇಬ್ಬರ ಹಟ.

"ನಂದರಾಗ ಇರಾಕಿನಽ ನಮ್ಮವ್ವ. ನಿಂದು ನಕಲಿ," ಎನ್ನುತ್ತಿದ್ದಳು ದೊಡ್ಡವ್ವ ಫೋನಿನಲ್ಲಿ.

"ನಕಲಿ ಅಂದ್ರ ಈ ಮನಿಯಾಗ ನನ್ನ ಮಗಾ ಒಬ್ಬನಽ!" ಎನ್ನುತ್ತಿದ್ದಳು ಅವ್ವ.

ಕಂಡವರ ದನಿಯನ್ನೆಲ್ಲ ನಕಲು ಮಾಡುವ ಮಗ ನಾನು, ಸುಮ್ಮನಿರಬೇಕಿತ್ತು. ಒಂದು ಮದುವೆಯ ಪಂಕ್ತಿಯಲ್ಲಿ ಇಬ್ಬರ ದನಿಯಲ್ಲೂ ಆ ಜಗಳವನ್ನು ಆಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ದೊಡ್ಡವ್ವ ಎಲೆ ಬಿಟ್ಟು ಎದ್ದು ಹೋದಳು. ಅವತ್ತಿನಿಂದ ಫೋನೂ ನಿಂತಿತು. ಅವ್ವ ದಿನಾ ಸಂಜೆ ಫೋನು ಒರೆಸಿ ಒರೆಸಿ ಇಡುತ್ತಿದ್ದಳು. ಇಂಥ ಕಲಾವಿದ ನಾನು, ನೋಡಿ.

ತಡೆಯಲಾರದೆ ಎರಡೂ ಚಿತ್ರಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಅವನ್ನು ಬರೆದ ದಸ್ತಗೀರ ಚಾಚಾನನ್ನು ಹುಡುಕಿ ಚಿಕ್ಕೋಡಿಗೆ ಹೋದೆ. ಒಂದು ಕಾಲಕ್ಕೆ ಊರಿನ ಅರ್ಧ ಬೋರ್ಡು ಬರೆದವನು ಚಾಚಾ. ಈಗ ಅವನ ಬಾಗಿಲ ಮೇಲೇ ಫ್ಲೆಕ್ಸ್.

"ಎರಡೂ ನನ್ನವಽ. ಮೊದಲಿಂದು ದೊಡ್ಡಾಕಿ ಲಗ್ನದ್ದು. ನಿಮ್ಮಜ್ಜಾರು ಬಾಜೂಕ ಕುಂತು ಹೇಳಿದ್ರು."

ಅವ್ವ ಸೋತಳು ಎಂದುಕೊಂಡೆ. "ಹಂಗಾದ್ರ ನಮ್ಮದು ನಕಲಿ ಏನ್ರಿ ಚಾಚಾ?"

"ತಡೀಪಾ," ಎಂದು ಚಾಚಾ ಖಾಕಾ ಹಾಕುವುದನ್ನು ಹೇಳಿಕೊಟ್ಟ. ಕಾಗದದ ಮೇಲೆ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಹಲಗೆಗೆ ಒತ್ತಿ ಹಿಡಿದು, ಇದ್ದಿಲ ಪುಡಿಯ ಗಂಟು ಬಡಿದರೆ ಚಿತ್ರ ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ. ಅವ್ವನ ಲಗ್ನಕ್ಕೆ ಅದೇ ಖಾಕಾ ಹಾಕಿದ್ದ, ಗೊತ್ತಿಲ್ಲದೆ ಮಗ್ಗಲು ತಿರುವಿ; ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿತ್ತು.

"ಚೂಕ್ ಆಗೇತ್ರಿ, ಹೊಳಿ ಉಲ್ಟಾ ಹರ್ಯಾಕತ್ತೈತಿ, ಅಳಿಸಿ ಬರೀತೀನಿ ಅಂದೆ. ನಿಮ್ಮಜ್ಜಾರು ಭಾಳೊತ್ತು ನೋಡಿದ್ರು. 'ಬ್ಯಾಡೋ ದಸ್ತಗೀರ. ಆಕಿ ಎಡಚಿ. ಎಡಗೈ ಖಾಲಿ ಬೇಕಂತ ಕೊಡಾ ಬಲಕ್ಕಽ ಇಟಗೋತಿದ್ಲು. ಮೊದಲಿಂದರಾಗ ಏನೋ ತಪ್ಪೈತಿ ಅನಸ್ತಿತ್ತು, ಈಗ ತಿಳೀತು. ಹೊಳಿ ಉಲ್ಟಾ ಹರೀಲಿ, ಆಕಿ ಬರೋಬ್ಬರಿ ಅದಾಳ' ಅಂದ್ರು."

ಮನೆಗೆ ಬಂದು ಅವ್ವನಿಗೆ ಚಾಚಾನ ದನಿಯಲ್ಲೇ ಹೇಳತೊಡಗಿದೆ. ಅಜ್ಜನ ಮಾತಿಗೆ ಬರುವಷ್ಟರಲ್ಲಿ ಅಣಕ ಕಳಚಿ ನನ್ನ ದನಿಯೊಂದೇ ಉಳಿದಿತ್ತು. ಅವ್ವ ಫೋನು ಎತ್ತಿಕೊಂಡಳು.

"ಅಕ್ಕಾ, ಮೊದಲಿಂದು ನಿಂದಽ. ಆದ್ರ ಬಾ, ಅವ್ವನ್ನ ನೋಡಿ ಹೋಗು."

ದೊಡ್ಡವ್ವ ಮರುದಿನವೇ ಬಂದಳು. ಚಿತ್ರದ ಮುಂದೆ ನಿಂತು, ಇಲ್ಲದ ಕೊಡವನ್ನು ಬಲ ಸೊಂಟಕ್ಕೆ ಏರಿಸಿ, "ಹಿಂಗಽ?" ಎಂದಳು. ನಾನು ನಗಲಿಲ್ಲ.

ಇವತ್ತು ಮೊಳೆ ಹೊಡೆಯಲು ಸುತ್ತಿಗೆ ಎತ್ತಿಕೊಂಡೆ, ರೂಢಿಯಂತೆ ಎಡಗೈಯಲ್ಲಿ. ಚಿಕ್ಕಂದಿನಿಂದ ಇದಕ್ಕೆ ಬೈಸಿಕೊಂಡವನು. ಅವ್ವ ನೋಡುತ್ತಿದ್ದಾಳೆಂದು ಕೈ ಬದಲಿಸಹೋದೆ.

"ಇರಲಿ ಬಿಡು," ಎಂದಳು. "ಅದಽ ಕೈಲೆ ಹೊಡಿ."