ಎಲೆಅಡಿಕೆ ಚೀಲದಲ್ಲಿ ಸೋಪು

ಮೂರು ವರ್ಷದ ಹಿಂದಿನ ಮಾತು. ತೊಣ್ಣೂರಿನ ಹತ್ತಿರದ ನಮ್ಮ ಗದ್ದೆಯಲ್ಲಿ ಭತ್ತಕ್ಕೆ ಹುಳ ಬಿದ್ದಿತ್ತು. ಔಷಧಿ ಹೊಡೆಯಲು ಎಂದಿನಂತೆ ನಿಂಗಯ್ಯ ಬಂದ. ಮೂವತ್ತು ವರ್ಷದಿಂದ ನಮ್ಮಲ್ಲಿ ಕೂಲಿಗೆ ಬರುತ್ತಿದ್ದವನು. ಅವನ ಹೆಂಡತಿ ಜಯಮ್ಮ ನಾಲೆಯಿಂದ ನೀರು ಹೊತ್ತು ತಂದು, ಬದುವಿನ ಮೇಲೆ ನಿಂತು ಅವನ ಬೆನ್ನಿನ ಟ್ಯಾಂಕಿಗೆ ತುಂಬಿಸಿಕೊಡುತ್ತಿದ್ದಳು.

ನಾಲ್ಕು ಟ್ಯಾಂಕು ಮುಗಿದ ಮೇಲೆ ನಾನು ಎಲೆಅಡಿಕೆ ಚೀಲ ಬಿಚ್ಚಿದೆ. ಕೆಲಸದ ನಡುವೆ ಕರೆದು ಎಲೆಅಡಿಕೆ ಕೊಡುವುದು ನಮ್ಮಪ್ಪನ ಕಾಲದಿಂದ ಬಂದ ಮರ್ಯಾದೆ.

“ತಡೀರಿ ಗೌಡ್ರೆ, ಕೈ ತೊಳ್ಕಂಡ್ ಬತ್ತೀನಿ” ಎಂದ ನಿಂಗಯ್ಯ. ನಾಲೆ ಇದ್ದದ್ದು ಮೂರು ಗದ್ದೆ ಆಚೆ.

“ಏನ್ಲಾ, ಮದ್ವೆ ಊಟಕ್ಕೆ ಕೂರ್ತಿಯಾ? ಪಂಚೆಗೆ ಒರೆಸ್ಕಂಡ್ ಬಾರ್ಲಾ!” ಎಂದು ನಕ್ಕೆ. ಅವನೂ ನಕ್ಕು, ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡ.

ಇನ್ನೊಂದು ಟ್ಯಾಂಕು ಮುಗಿಯುವಷ್ಟರಲ್ಲಿ ಬೆವೆತು, ಜೊಲ್ಲು ಸುರಿಸುತ್ತಾ ಬದುವಿನ ಮೇಲೆ ಕುಸಿದ. ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಔಷಧಿಯಲ್ಲಿ ನೆಂದ ಅಂಗಿಯನ್ನು ಅಲ್ಲಿ ಕತ್ತರಿಸಿ ತೆಗೆದರು. “ಕೈ ತೊಳೆಯದೆ ಏನಾದರೂ ತಿಂದರಾ?” ಎಂದು ಡಾಕ್ಟರು ಕೇಳಿದಾಗ ನಾನು “ಇಲ್ಲ” ಎಂದುಬಿಟ್ಟೆ. ನಾಚಿಕೆಗೆ ಹೇಳಿದ ಸುಳ್ಳು ಅದು.

“ಎಲೆಅಡ್ಕೆ ಹಾಕಂಡ ಸಾಮಿ” ಎಂದಳು ಜಯಮ್ಮ. ಕೊಟ್ಟವರು ಯಾರೆಂದು ಮಾತ್ರ ಹೇಳಲಿಲ್ಲ.

ನಾಲ್ಕನೇ ದಿನ ನಿಂಗಯ್ಯ ಎದ್ದು ಕೂತ. “ತಪ್ಪಾಯ್ತು ಕಣ್ಲಾ” ಎಂದು ಅವನಿಗೆ ಕೈ ಮುಗಿದೆ.

“ಅಷ್ಟಕ್ಕೇ ಬುಟ್ರೆ ಆಗಕಿಲ್ಲ ಗೌಡ್ರೆ” ಎಂದಳು ಜಯಮ್ಮ. “ಔಷ್ದಿ ಹೊಡೆಯೋರು ನಾವು. ಎಂಗ್ ಹೊಡೀಬೇಕು ಅಂತ ಇನ್ಮೇಲೆ ನಾವು ಯೋಳ್ತೀವಿ, ನೀವು ಕೇಳಿ.”

ಮುಂದಿನ ವಾರ ಕೂಲಿಯವರೆಲ್ಲ ನಮ್ಮ ಪಂಪ್‌ಸೆಟ್ ಮನೆಯ ಮುಂದೆ ಕೂತರು. ಗಾಳಿ ಎದ್ದರೆ ಟ್ಯಾಂಕು ಇಳಿಸುವುದು, ಔಷಧಿ ಕಲಸಲು ಉದ್ದನೆಯ ಕೋಲು, ಕೈಗೆ ಗ್ಲೌಸು, ಬದಲಾಯಿಸಲು ಒಂದು ಅಂಗಿ, ಬದುವಿನಲ್ಲೇ ಕೈ ತೊಳೆಯುವುದಕ್ಕೆ ಬೇರೆ ನೀರು. ಎಲ್ಲ ಅವರೇ ಹೇಳಿದರು. ಎಸೆಸೆಲ್ಸಿ ಓದಿದ ನನಗೆ ಇದರಲ್ಲಿ ಒಂದೂ ಹೊಳೆದಿರಲಿಲ್ಲ.

“ಸೋಪು ಯಾರ್ ತರೋದು?” ಎಂದು ಒಬ್ಬರು ಕೇಳಿದರು.

“ಗೌಡ್ರ ಎಲೆಅಡ್ಕೆ ಚೀಲದಲ್ಲಿರ್ಲಿ” ಎಂದಳು ಜಯಮ್ಮ. “ಅದೊಂದ್ನ ಅವ್ರು ಯಾವತ್ತೂ ಮರೆಯಾಕಿಲ್ಲ.” ಎಲ್ಲರೂ ನಕ್ಕರು.

ಅಂದಿನಿಂದ ನನ್ನ ಎಲೆಗೆ ಸೋಪಿನ ವಾಸನೆ. ನಿಂಗಯ್ಯ ಈಗ ಔಷಧಿ ಹೊಡೆಯುವುದಿಲ್ಲ, ಗದ್ದೆಗೆ ನೀರು ಕಟ್ಟುತ್ತಾನೆ. ಆದರೂ ನಾನು ಎಲೆ ಕೊಡುವ ಮೊದಲು ಎರಡೂ ಅಂಗೈ ಚಾಚಿ, “ನೋಡ್ಬುಡಿ ಗೌಡ್ರೆ” ಎನ್ನುತ್ತಾನೆ. ನಾನು ಹಿಡಿದು ನೋಡುತ್ತೇನೆ. ಮೂವತ್ತು ವರ್ಷ ನನಗಾಗಿ ದುಡಿದ ಆ ಕೈಗಳು ಅಷ್ಟು ಒರಟಾಗಿವೆ ಎಂದು, ಹಿಡಿಯುವ ತನಕ ನನಗೆ ಗೊತ್ತಿರಲಿಲ್ಲ.